ಹೊಸಿಲು ಲಕ್ಷ್ಮಿಯ ಕಥೆ ಬರೆದವಳು

ಬೇಲೂರಿನಲ್ಲಿ ವೇದವಲ್ಲಿಯ ಹೆಸರು ಹೇಳಿದರೆ ಹೆಂಗಸರು ಇವತ್ತಿಗೂ ಕೈ ಮುಗಿಯುತ್ತಾರೆ. ಮಹಾ ದೈವಭಕ್ತೆಯಂತೆ, ಲಕ್ಷ್ಮಿಯೇ ಕನಸಿನಲ್ಲಿ ಬಂದು ಅವಳಿಗೆ ವ್ರತದ ಕಥೆ ಹೇಳಿ ಹೋದಳಂತೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಲಕ್ಷ್ಮಿ ಬರಲಿಲ್ಲ, ಕನಸೂ ಬೀಳಲಿಲ್ಲ. ಆ ಕಥೆಯನ್ನು ವೇದಾ ಅಡಿಗೆಮನೆಯ ಮೂಲೆಯಲ್ಲಿ ಕೂತು, ಬರೆದು, ಹೊಡೆದುಹಾಕಿ, ಮತ್ತೆ ಬರೆದು ಮಾಡಿದ್ದು. ಅದು ಮುಗಿದೂ ಇರಲಿಲ್ಲ. ಇದನ್ನು ಹೇಳಬಲ್ಲವಳು ಈಗ ನಾನೊಬ್ಬಳೇ. ನನ್ನ ಹೆಸರು ಕಮಲಾಕ್ಷಮ್ಮ, ಅರಸೀಕೆರೆಯಲ್ಲಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯಾಗಿದ್ದವಳು.

೧೯೫೭ರಲ್ಲಿ ಮೈಸೂರಿನ ಮಾಸಪತ್ರಿಕೆಯೊಂದರಲ್ಲಿ ನನ್ನ ಕಥೆ ಅಚ್ಚಾಯಿತು. ಕೆಳಗೆ ವಿಳಾಸವನ್ನೂ ಹಾಕಿದ್ದರು. ಶಾಲೆಯಲ್ಲಿ ಎಲ್ಲರೂ ಹೊಗಳಿದರು. ಓದಿದವರು ಒಬ್ಬರೂ ಇರಲಿಲ್ಲ. ಕೆಲವು ದಿನ ಕಳೆದು ಬೇಲೂರಿನಿಂದ ಒಂದು ಕಾರ್ಡು ಬಂತು. "ನಿಮ್ಮ ಕಥೆ ಓದಿದೆ. ಮೊದಲರ್ಧ ಚೆನ್ನಾಗಿದೆ. ಆಮೇಲೆ ಅತ್ತೆಯನ್ನು ಸಾಯಿಸಿದ್ದು ನಿಮ್ಮ ಅನುಕೂಲಕ್ಕೆ. ಆಕೆ ಬದುಕಿದ್ದಿದ್ದರೆ ನೀವು ಏನು ಮಾಡುತ್ತಿದ್ದಿರಿ? ಇಂತಿ ವೇದವಲ್ಲಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾವಳಿವಳು, ನನ್ನ ಕಥೆಗೆ ಬುದ್ಧಿ ಹೇಳುವವಳು ಎಂದು ಕಾರ್ಡನ್ನು ಒಲೆಗೆ ಹಾಕಲು ಎದ್ದೆ. ಅದಕ್ಕೆ ಮುಂಚೆ ಕಥೆಯನ್ನು ಇನ್ನೊಂದು ಸಲ ಓದಿ ನೋಡಿದೆ. ಅವಳು ಹೇಳಿದ್ದು ಸರಿ. ಅತ್ತೆ ಬದುಕಿದ್ದರೆ ನನ್ನ ಕಥೆ ಮುಂದಕ್ಕೆ ಹೋಗುತ್ತಿರಲಿಲ್ಲ, ನನಗೆ ದಾರಿ ಗೊತ್ತಿರಲಿಲ್ಲ. ಅಷ್ಟು ವರ್ಷ ಬರೆದರೂ ನನ್ನ ಬರವಣಿಗೆಯನ್ನು ಹೀಗೆ ಹಿಡಿದು ಅಲ್ಲಾಡಿಸಿದವರು ಯಾರೂ ಇರಲಿಲ್ಲವಲ್ಲ ಎಂದು ಅಳು ಬಂತು.

ದಸರಾ ರಜದಲ್ಲಿ ದೇವಸ್ಥಾನ ನೋಡುವ ನೆಪ ಹೇಳಿ ಬೇಲೂರಿಗೆ ಹೋದೆ. ವೇದಾಳ ಗಂಡ ಗೋಪಾಲಸ್ವಾಮಿ, ಅದೇ ದೇವಸ್ಥಾನದ ಮಡಪಳ್ಳಿಯಲ್ಲಿ ನೈವೇದ್ಯದ ಅಡಿಗೆ ಮಾಡುತ್ತಿದ್ದರು. ಸಾಧು ಮನುಷ್ಯ, ತಾಯಿಯ ಮಾತಿಗೆ ಎದುರಾಡಿದವರಲ್ಲ. ಆ ತಾಯಿ ಕೋಮಲವಲ್ಲಿಯಮ್ಮ. ಹೆಸರಿಡುವಾಗ ಮುಂದೇನಾಗುತ್ತದೆ ಎಂದು ಯಾರಿಗೆ ಗೊತ್ತಿರುತ್ತದೆ, ಅವರಲ್ಲಿ ಕೋಮಲವಾದದ್ದು ಏನೂ ಇರಲಿಲ್ಲ. ಬಂದವಳು ಶಾಲೆಯಲ್ಲಿ ಪಾಠ ಹೇಳುವವಳು ಎಂದು ತಿಳಿದ ಮೇಲೆ ಕಾಫಿ ಲೋಟವನ್ನು ದೂರದಿಂದ ತಳ್ಳಿದರು. ವೇದಾ ಸಣಕಲು ಹೆಂಗಸು, ಮೂವತ್ತರ ಆಸುಪಾಸು, ಮಾತು ಕಡಿಮೆ. ಹಿತ್ತಲಲ್ಲಿ ನೀರು ಸೇದುವಾಗ ಮಾತ್ರ ನಮ್ಮಿಬ್ಬರನ್ನೇ ಬಿಟ್ಟರು.

"ನಾನು ಬರೆದದ್ದನ್ನ ಇದುವರೆಗೂ ಯಾರಿಗೂ ಓದಿ ಹೇಳಿಲ್ಲ ಕಣ್ರೀ," ಎಂದಳು. "ಸರಿಯೋ ತಪ್ಪೋ ಗೊತ್ತಾಗಲ್ಲ. ಒಂದು ಕಥೆ ಕೊನೆಗೆ ಬಂದು ನಿಂತುಬಿಟ್ಟಿದೆ. ಒಬ್ಬರಾದರೂ ಕೇಳಿ, ಎಲ್ಲಿ ಸುಳ್ಳು ಹೇಳಿದೀನಿ ಅಂತ ತೋರಿಸಬೇಕು. ಇಲ್ಲದಿದ್ದರೆ ನನಗೆ ತಲೆ ಕೆಡುತ್ತೆ."

ತಲೆ ಕೆಡುತ್ತೆ ಎನ್ನುವುದನ್ನು ಎಲ್ಲರೂ ಸುಮ್ಮನೆ ಹೇಳುತ್ತಾರೆ. ಅವಳು ಹೇಳಿದಾಗ ನನಗೆ ಭಯವಾಯಿತು.

ಅರಸೀಕೆರೆಯಲ್ಲಿ ಗಂಡಸರ ಸಾಹಿತ್ಯ ಸಂಘವೊಂದಿತ್ತು. ಅಲ್ಲಿಗೆ ನಾನು ಒಂದು ಸಲ ಹೋಗಿದ್ದೆ. ಪ್ರಾರ್ಥನೆ ಹಾಡಿಸಿದರು, ಅಧ್ಯಕ್ಷರಿಗೆ ಹಾರ ತಂದುಕೊಡಲು ಹೇಳಿದರು, ಅಧ್ಯಕ್ಷರು ಕತ್ತಲಾಗುವವರೆಗೆ ಮಾತಾಡಿದರು, ವಂದನಾರ್ಪಣೆಯಾಯಿತು. ಯಾರೂ ಏನನ್ನೂ ಓದಲಿಲ್ಲ. ಅಂಥಲ್ಲಿಗೆ ವೇದಾಳನ್ನು ಕರೆದುಕೊಂಡು ಹೋಗುವುದಕ್ಕಿಂತ ಬಾವಿಗೆ ನೂಕುವುದು ವಾಸಿ. ನಮ್ಮದೇ ಒಂದು ಕೂಟ ಬೇಕಾಗಿತ್ತು. ನನ್ನ ಜೊತೆ ಓದಿದ ಅನುಸೂಯಮ್ಮ ಹಳೇಬೀಡಿಗೆ ಸೊಸೆಯಾಗಿ ಹೋಗಿದ್ದಳು. ಅವಳ ಗಂಡ ದೇವೀರಪ್ಪ ತೆಂಗು, ರಾಗಿ ಬೆಳೆಯುವ ಅನುಕೂಲಸ್ಥರು, ಮನೆಯಲ್ಲಿ ದೊಡ್ಡ ನಡುಮನೆ. ಅನುಸೂಯ ಪದ್ಯ ಬರೆದು ಸಕ್ಕರೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ಕೇಳಿದ ಕೂಡಲೇ ಒಪ್ಪಿದಳು. ಬೇಲೂರಿನಿಂದ ಹಳೇಬೀಡು ಹತ್ತಿರ, ನನಗೆ ಬಾಣಾವರ, ಜಾವಗಲ್ ಮೇಲೆ ಬಸ್ಸು.

ಇನ್ನು ವೇದಾ ಮನೆಯಿಂದ ಹೊರಗೆ ಬರುವುದು ಹೇಗೆ? ಕಥೆ ಓದಲು ಹೋಗುತ್ತೇನೆ ಎಂದರೆ ಕೋಮಲವಲ್ಲಿಯಮ್ಮ ಬಿಡುವ ಜನವಲ್ಲ. ವ್ರತಕ್ಕೆ ಹೋಗುತ್ತೇನೆ ಎಂದರೆ ಬೇಡ ಎನ್ನುವ ಅತ್ತೆ ಹುಟ್ಟಿಲ್ಲ. ವೇದಾ ಒಂದು ವ್ರತವನ್ನೇ ಕಟ್ಟಿದಳು. ಹೊಸಿಲು ಲಕ್ಷ್ಮಿ ವ್ರತ. ತಿಂಗಳಿಗೊಂದು ಸಲ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ, ದೀಪವಿಟ್ಟು, ಕಥೆ ಓದುವುದು. ಕೇಳುವವರು ಅಕ್ಷತೆ ಹಿಡಿದು ಕೂರಬೇಕು, ಕಥೆ ಮುಗಿಯುವ ತನಕ ಏಳಬಾರದು. ಈ ಕೊನೆಯ ನಿಯಮ ನಮಗೆ ಬಹಳ ಹಿಡಿಸಿತು. ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ಲಕ್ಷ್ಮಿಗೆ ಶುಕ್ರವಾರವಲ್ಲವೇ ಎಂದು ಅತ್ತೆ ಕೇಳಿದರಂತೆ. ಹೊಸಿಲು ಲಕ್ಷ್ಮಿಗೆ ಭಾನುವಾರ ಎಂದಳಂತೆ ಇವಳು. ನನಗೆ ಶಾಲೆಗೆ ರಜ ಭಾನುವಾರವೇ.

ಮೊದಲ ಭಾನುವಾರ ನಾನು ಕಥೆ ಹಿಡಿದುಕೊಂಡು ಹಳೇಬೀಡಿನಲ್ಲಿ ಇಳಿದರೆ, ಬೇಲೂರು ಬಸ್ಸಿನಿಂದ ವೇದಾಳ ಹಿಂದೆಯೇ ಕೋಮಲವಲ್ಲಿಯಮ್ಮ ಇಳಿಯುತ್ತಿದ್ದಾರೆ. ಕೈಯಲ್ಲಿ ತಮ್ಮದೇ ನೀರಿನ ಚೊಂಬು, ಕೂರಲು ತಮ್ಮದೇ ಚಾಪೆ. ಎಲ್ಲ ಬಿಟ್ಟು ವ್ರತ ನೋಡಲು ಬಂದಿದ್ದರು. ವೇದಾ ಬಿಳಿಚಿಕೊಂಡಿದ್ದಳು.

ಮಾಡುವುದೇನು, ದೀಪ ಹಚ್ಚಿದೆವು. ವೇದಾ ಓದಲು ಕೂತಳು. ಕಥೆ ಇಷ್ಟೇ: ಗಂಜಿ ಚೆಲ್ಲಿದಳೆಂದು ಗಂಡ ಹೆಂಡತಿಯನ್ನು ಹೊರಗೆ ನೂಕಿ ಅಗಳಿ ಹಾಕುತ್ತಾನೆ. ಅವಳು ರಾತ್ರಿಯೆಲ್ಲ ಹೊಸಿಲ ಹೊರಗೆ ಕೂತಿರುತ್ತಾಳೆ. ಬೆಳಗ್ಗೆ ಬಾಗಿಲು ತೆರೆಯುತ್ತದೆ. ಆ ಹೆಂಗಸಿನ ಚಳಿ, ಹಸಿವು, ಒಳಗಿನ ಪಾತ್ರೆಯ ಸದ್ದು ಕೇಳಿ ಅವಳು ಬೆಚ್ಚುವುದು, ಎಲ್ಲವನ್ನೂ ವೇದಾ ಎಷ್ಟು ನಿಜವಾಗಿ ಬರೆದಿದ್ದಳೆಂದರೆ ನನ್ನ ಕಥೆಯ ಮೇಲೆ ನನಗೇ ನಾಚಿಕೆಯಾಯಿತು. ಬರೆದದ್ದು ಅಲ್ಲಿಗೇ ನಿಂತಿತ್ತು. ಬಾಗಿಲು ತೆರೆದ ಮೇಲೆ ಅವಳು ಏನು ಮಾಡುತ್ತಾಳೆ? ಅದನ್ನು ಕೇಳಲೆಂದೇ ವೇದಾ ನಮ್ಮ ಹತ್ತಿರ ಬಂದದ್ದು.

ಅತ್ತೆ ಅಕ್ಷತೆ ಹಿಡಿದು ಕಾಯುತ್ತಿದ್ದರು. "ಹೂಂ, ಆಮೇಲೆ? ಫಲ ಏನು?" ಎಂದರು.

ವೇದಾ ನನ್ನ ಮುಖ ನೋಡಿದಳು. ಆಮೇಲೆ ಖಾಲಿ ಹಾಳೆಯನ್ನೇ ನೋಡುತ್ತಾ ಬಾಯಿಗೆ ಬಂದದ್ದನ್ನು ಓದಿದಳು. ಹೊಸಿಲಲ್ಲಿದ್ದ ಲಕ್ಷ್ಮಿ ಮರುಗಿ ಗಂಡನ ಮನಸ್ಸು ಕರಗಿಸಿದಳು, ಅವನು ಹೆಂಡತಿಯ ಕೈ ಹಿಡಿದು ಒಳಗೆ ಕರೆದುಕೊಂಡ, ಅವಳು ನಗುನಗುತ್ತಾ ಒಳಗೆ ಹೋದಳು, ಮನೆ ತುಂಬ ಧಾನ್ಯವಾಯಿತು, ಈ ಕಥೆ ಕೇಳಿದವರಿಗೂ ಹಾಗೇ ಆಗಲಿ. ಕೋಮಲವಲ್ಲಿಯಮ್ಮ ಕಣ್ಣು ತುಂಬಿಕೊಂಡು ಅಕ್ಷತೆ ಹಾಕಿದರು. ನಾವೂ ಹಾಕಿದೆವು. ಬಸ್ಸಿಗೆ ಹೋಗುವಾಗ ವೇದಾ ನನ್ನ ಕೈ ಹಿಡಿದುಕೊಂಡು, "ಕೊನೆ ಸುಳ್ಳು ಕಣೇ, ಕಮಲಾ," ಎಂದಳು.

"ಗೊತ್ತು. ಮುಂದಿನ ತಿಂಗಳು ಸರಿ ಮಾಡು," ಎಂದೆ.

ಮುಂದಿನ ತಿಂಗಳು ನೆರೆಮನೆಯವರೂ ಬಂದರು. ಅವರಲ್ಲಿ ಮುದ್ದಮ್ಮ, ಅವಳ ಮಗಳು ರುದ್ರಮ್ಮ. ರುದ್ರಮ್ಮನನ್ನು ಜಾವಗಲ್ಲಿಗೆ ಕೊಟ್ಟಿತ್ತು, ಗಂಡ ಹೊಡೆದು ತವರಿಗೆ ಅಟ್ಟಿದ್ದ. ನಾನು ಆ ದಿನ ನನ್ನ ಕಥೆ ಓದುವುದೆಂದು ಹೊರತೆಗೆದೆ. ಕೋಮಲವಲ್ಲಿಯಮ್ಮ ಹುಬ್ಬು ಗಂಟಿಕ್ಕಿದರು. "ಇದೇನು, ತಿಂಗಳಿಗೊಂದು ಕಥೆ? ವ್ರತಕ್ಕೆ ಒಂದು ಕಥೆ. ಕಥೆ ಬದಲಾಯಿಸಿದರೆ ದೋಷ ಅಂತ ಗೊತ್ತಿಲ್ಲವೇ ನಿಮಗೆ? ಸ್ಕೂಲಲ್ಲಿ ಇದೇ ಏನು ಕಲಿಸೋದು?"

ನಾವೇ ಹೊಲಿದ ಚೀಲದೊಳಗೆ ನಾವೇ ಕೂತಿದ್ದೆವು. ವೇದಾ ಅದೇ ಕಥೆಯನ್ನು, ಅದೇ ಸುಳ್ಳು ಕೊನೆಯ ಜೊತೆ, ಮತ್ತೆ ಓದಬೇಕಾಯಿತು. ಗಂಡ ಕೈ ಹಿಡಿದು ಒಳಗೆ ಕರೆದುಕೊಂಡ ಎಂಬಲ್ಲಿಗೆ ಬಂದಾಗ ಹಿಂದಿನಿಂದ ಒಂದು ಧ್ವನಿ ಬಂತು.

"ಅವ್ಳು ಯಾಕೆ ಒಳೀಕ್ ವೋದ್ಲು, ಅಮ್ಮಾವ್ರೆ?"

ಕೇಳಿದವಳು ರುದ್ರಮ್ಮ. ಮುದ್ದಮ್ಮ ಅವಳ ತೊಡೆಗೆ ಚಿವುಟಿದಳು. "ಬಾಯ್ ಮುಚ್ಕೊಂಡು ಕುಂತ್ಕ. ಕತೆ ನಡ್ವೆ ಮಾತಾಡ್ತಾರಾ?"

ವೇದಾಳ ಮುಖ ನೋಡಬೇಕಿತ್ತು. ಅಡಿಗೆಮನೆಯಲ್ಲಿ ನೀರು ಕುಡಿಯುವ ನೆಪದಲ್ಲಿ ನನ್ನನ್ನು ಹಿಡಿದುಕೊಂಡು ಪಿಸುಗುಟ್ಟಿದಳು. "ಕೇಳಿದೆಯಾ? ನೀನೂ ಕೇಳಲಿಲ್ಲ, ಅನುಸೂಯನೂ ಕೇಳಲಿಲ್ಲ. ಆ ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದಳು." ಅವಳನ್ನು ಅಷ್ಟು ಸಂತೋಷದಲ್ಲಿ ನಾನು ಆಮೇಲೆ ನೋಡಲಿಲ್ಲ. ನಮ್ಮ ಕೂಟಕ್ಕೆ ನಾಲ್ಕನೆಯವಳು ಸಿಕ್ಕಳು ಎಂದು ನಾವಿಬ್ಬರೂ ಅಂದುಕೊಂಡೆವು.

ಅದೇ ವಾರ ರುದ್ರಮ್ಮನ ಗಂಡ ಬಂದು ಅವಳನ್ನು ಕರೆದುಕೊಂಡು ಹೋದ. ರಾಗಿ ಕೊಯ್ಲಿಗೆ ಆಳು ಬೇಕಾಗಿತ್ತು, ಅದಕ್ಕೆ ಬಂದ. ಆದರೆ ಹಳೇಬೀಡಿನಲ್ಲಿ ಯಾರೂ ಹಾಗೆ ತಿಳಿಯಲಿಲ್ಲ. ಕಥೆಯಲ್ಲಿ ಇದ್ದಂತೆಯೇ ಗಂಡ ಬಂದು ಕೈ ಹಿಡಿದ ಎಂದು ಮುದ್ದಮ್ಮ ಬೀದಿ ತುಂಬ ಸಾರಿದಳು. ಮೂರನೆಯ ಸಲಕ್ಕೆ ನಡುಮನೆ ಸಾಲಲಿಲ್ಲ. ದೂರದ ಗಂಡಸಿ ಊರಿನಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ದೇವೀರಪ್ಪನವರು ಚಪ್ಪರ ಹಾಕಿಸಿ, ತಮ್ಮ ಮನೆಗೆ ಲಕ್ಷ್ಮಿ ಬಂದಳೆಂದು ಮೀಸೆ ತಿರುವಿಕೊಂಡು ಓಡಾಡಿದರು. ಪುರೋಹಿತ ಸುಬ್ಬರಾಮಯ್ಯನವರು ಬಂದು ವಿಚಾರಿಸಿ, ಈ ವ್ರತ ಯಾವುದೋ ಪುರಾಣದಲ್ಲಿ ಇರಲೇಬೇಕು, ತಾವು ಚಿಕ್ಕಂದಿನಲ್ಲಿ ಕೇಳಿದ ನೆನಪಿದೆ ಎಂದರು. ಇನ್ನೂ ಹುಟ್ಟಿ ಮೂರು ತಿಂಗಳಾಗದ ವ್ರತದ ಕಥೆಯನ್ನು ಆ ಮಹಾನುಭಾವರು ಚಿಕ್ಕಂದಿನಲ್ಲಿ ಕೇಳಿದ್ದರು.

ನಮ್ಮ ಮೂವರಿಗೆ ಕೂತು ಮಾತಾಡಲು ಜಾಗವೇ ಇಲ್ಲದಾಯಿತು. ಅನುಸೂಯ ಬಂದವರಿಗೆ ಕಾಫಿ ಕಾಯಿಸುವುದರಲ್ಲಿ ಬೆವರಿಳಿಸುತ್ತಿದ್ದಳು. ಅವಳ ಪದ್ಯ ಸಕ್ಕರೆ ಡಬ್ಬಿಯಲ್ಲೇ ಉಳಿಯಿತು, ಸಕ್ಕರೆ ಮಾತ್ರ ಖಾಲಿಯಾಯಿತು. ನಾನು ತಂದ ಕಥೆ ತಂದ ಹಾಗೆಯೇ ಅರಸೀಕೆರೆಗೆ ವಾಪಸಾಗುತ್ತಿತ್ತು. ಬೇರೆ ಕಡೆ ಸೇರೋಣ ಎಂದರೆ ವೇದಾಳಿಗೆ ಈ ವ್ರತ ಒಂದಕ್ಕೇ ಅನುಮತಿ, ಅದೂ ಅತ್ತೆಯ ಜೊತೆ. ಅವಳು ಕಥೆಗೆ ಬೇರೆ ಬೇರೆ ಕೊನೆಗಳನ್ನು ಬರೆದು ಸೆರಗಿನಲ್ಲಿ ಮುಚ್ಚಿ ತರುತ್ತಿದ್ದಳು, ಓದಲು ಆಗದೆ ಹರಿದು ಹಾಕುತ್ತಿದ್ದಳು. ಒಮ್ಮೆ ಒರಳುಕಲ್ಲಿನ ಹತ್ತಿರ ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು.

"ತಪ್ಪು ಅಂತ ಹೇಳೋರು ಒಬ್ಬರೂ ಇಲ್ಲವಲ್ಲೇ. ಎಲ್ಲರೂ ಕೈ ಮುಗೀತಾರೆ. ನಾನು ಯಾರ ಹತ್ತಿರ ಹೋಗಲಿ?"

ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಯಾರೋ ಬಂದು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದರು.

ಸಂಕ್ರಾಂತಿ ಕಳೆದ ಮೇಲೆ ರುದ್ರಮ್ಮ ಮತ್ತೆ ತವರಿಗೆ ಬಂದಳು. ಊದಿದ ಎಡಗೈಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು, ಕೆನ್ನೆಯ ಮೇಲೆ ಕೊಳ್ಳಿಯ ಗಾಯ. ಆ ಭಾನುವಾರ ಅವಳು ವ್ರತಕ್ಕೆ ಬಂದು ಹಿಂದೆಯೇ ಕೂತಳು. ವೇದಾ ಅವಳನ್ನು ನೋಡಿದಳು. ಸೆರಗಿನಲ್ಲಿ ಮುಚ್ಚಿ ತಂದಿದ್ದ ಹಾಳೆಗಳನ್ನು ಹೊರತೆಗೆದಳು. ಆವತ್ತು ಅವಳು ಓದಿದ ಕೊನೆ ಬೇರೆ. ಬಾಗಿಲು ತೆರೆಯಿತು, ಗಂಡ ಒಳಗೆ ಬಾ ಎಂದ. ಅವಳು ಎದ್ದು, ಸೀರೆ ಕೊಡವಿಕೊಂಡು, ಮೆಟ್ಟಿಲಿಳಿದು ಊರಾಚೆಯ ದಾರಿ ಹಿಡಿದಳು.

ಅಕ್ಷತೆ ಯಾರ ಕೈಯಿಂದಲೂ ಬೀಳಲಿಲ್ಲ. ಆಮೇಲೆ ಮುದ್ದಮ್ಮ ಎದೆ ಹಿಡಿದುಕೊಂಡು ಅತ್ತಳು. "ಇದೇನ್ ಓದ್ಬುಟ್ರಿ ಅಮ್ಮಾವ್ರೆ, ನನ್ ಮಗಳ ಬಾಳು ಆಳಾಗ್ ವೋಗ್ಲಿ ಅಂತಲಾ?"

ವೇದಾ ಎದ್ದು ನಿಂತಳು. ಜೀವಮಾನದಲ್ಲೇ ಅವಳು ಜನರ ಮುಂದೆ ಮಾತಾಡಿದ್ದು ಅದೊಂದೇ ಸಲ. "ಇದು ವ್ರತ ಅಲ್ಲ. ದೇವರ ಕಥೆ ಅಲ್ಲ. ನಾನು ಬರೆದದ್ದು. ಮೊದಲು ಓದಿದ ಕೊನೆ ಸುಳ್ಳು, ಬಾಯಿಗೆ ಬಂದದ್ದನ್ನ ಹೇಳಿಬಿಟ್ಟೆ. ಕಮಲಾನ ಕೇಳಿ, ಅನುಸೂಯಮ್ಮನ ಕೇಳಿ."

"ಹೌದು, ಅವಳೇ ಬರೆದದ್ದು," ಎಂದು ನಾನು ಕೂಗಿಯೇ ಹೇಳಿದೆ. ಅನುಸೂಯ ಗಂಡನ ಕಡೆ ನೋಡಿ ತಲೆ ತಗ್ಗಿಸಿದಳು.

ಕೋಮಲವಲ್ಲಿಯಮ್ಮ ಚಾಪೆಯಿಂದೆದ್ದು ಬಂದು ಸೊಸೆಯ ಕೈಯಿಂದ ಹಾಳೆಗಳನ್ನು ತೆಗೆದುಕೊಂಡರು. ಬೈಯಲಿಲ್ಲ. ಅದೇ ದೊಡ್ಡ ಕಷ್ಟವಾಯಿತು. "ದೇವರು ಬರೆಸಿದ, ನೀನು ಬರೆದೆ," ಎಂದರು. "ತಿದ್ದೋಕೆ ನೀನು ಯಾರು, ವೇದಾ?" ಹಾಳೆಗಳು ಸುಬ್ಬರಾಮಯ್ಯನವರ ಕೈಗೆ ಹೋದವು. ಹಳೆಯ ಕೊನೆ ಅಷ್ಟೂ ಹೆಂಗಸರಿಗೆ ಬಾಯಿಪಾಠವಾಗಿತ್ತು, ಅವರು ಹೇಳಿಕೊಟ್ಟರು, ಪುರೋಹಿತರು ಬರೆದುಕೊಂಡು ರಾಗವಾಗಿ ಓದಿದರು. ಅಕ್ಷತೆ ಬಿತ್ತು. ಮಾರನೆಯ ದಿನ ಮುದ್ದಮ್ಮ ಮಗಳನ್ನು ತಾನೇ ಜಾವಗಲ್ಲಿಗೆ ಬಿಟ್ಟು ಬಂದಳು.

ಮುಂದಿನ ತಿಂಗಳು ವೇದಾ ಓದುವವಳಾಗಿರಲಿಲ್ಲ, ಕೇಳುವವಳಾಗಿದ್ದಳು. ಅತ್ತೆಯ ಪಕ್ಕ, ಕೈಯಲ್ಲಿ ಅಕ್ಷತೆ ಹಿಡಿದು. ನಾನು ಅವಳ ಇನ್ನೊಂದು ಪಕ್ಕ. ಸುಬ್ಬರಾಮಯ್ಯನವರು ಗಂಜಿ ಚೆಲ್ಲುವಲ್ಲಿಗೆ ಬಂದಿದ್ದರು. ವೇದಾ ಮುಂದೆ ಬಾಗಿ ಮುದ್ದಮ್ಮನನ್ನು ಕೇಳಿದಳು. "ರುದ್ರಮ್ಮ ಹೇಗಿದ್ದಾಳೆ?"

"ಚೆಂದಾಗವ್ಳೆ ಅಂತವ್ರೆ. ಸುಮ್ಕಿರಿ, ಕತೆ ನಡೀತಾ ಐತೆ."

"ನೀವು ಹೋಗಿ ನೋಡಿದಿರಾ?"

ಮುದ್ದಮ್ಮ ಮುಖ ತಿರುಗಿಸಿ ಪುರೋಹಿತರ ಕಡೆ ನೋಡಿದಳು. ವೇದಾ ಎದ್ದಳು. ಕಥೆಯ ಮಧ್ಯೆ, ಎಲ್ಲರೂ ನೋಡುತ್ತಿರುವಾಗ, ಕೂತ ಹೆಂಗಸರನ್ನು ದಾಟಿಕೊಂಡು ಬೀದಿಗೆ ಹೋದಳು. ಅತ್ತೆ ಕರೆದದ್ದು ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ನಾನೂ ಎದ್ದು ಹಿಂದೆ ಓಡಿದೆ. ಜಾವಗಲ್ಲಿಗೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು. ದಾರಿಯುದ್ದಕ್ಕೂ ಅವಳು ಹೇಳಿದ್ದು ಒಂದೇ ಮಾತು. "ಅವಳನ್ನ ಕರೆದುಕೊಂಡು ಬರೋಣ. ನಿನ್ನ ಮನೇಲಿ ಇಟ್ಟುಕೋ." ಆಗಲಿ ಎಂದೆ.

ಕೇಳಿಕೊಂಡು ಹೋದೆವು. ಊರ ಕೊನೆಯ ಮನೆ. ರುದ್ರಮ್ಮನೇ ಬಾಗಿಲಿಗೆ ಬಂದಳು. ಒಂದು ಕಣ್ಣು ತೆರೆಯಲಾಗದಷ್ಟು ಊದಿತ್ತು. ವೇದಾ, "ಬಾ, ಹೋಗೋಣ," ಎಂದು ಕೈ ಚಾಚಿದಳು.

ರುದ್ರಮ್ಮ ಹಿಂದಕ್ಕೆ ಸರಿದಳು. "ಇವತ್ತು ಬಾನುವಾರ ಅಲ್ವಾ ಅಮ್ಮಾವ್ರೆ? ಕತೆ ಮುಗೀತಾ?"

"ಇಲ್ಲ. ಎದ್ದು ಬಂದೆ."

ಅವಳ ಮುಖದಲ್ಲಿ ಕಂಡ ಭಯವನ್ನು ನಾನು ಹೇಗೆ ಹೇಳಲಿ. ಹೊಡೆಯುವ ಗಂಡನಿಗೂ ಅವಳು ಅಷ್ಟು ಹೆದರುತ್ತಿದ್ದಳೋ ಇಲ್ಲವೋ. "ಅರ್ಧಕ್ಕೆ ಬುಟ್ಟು ಬಂದ್ರಾ? ಏನ್ ಮಾಡ್ಬುಟ್ರಿ. ಅದ್ರ ದೋಸ ನಂಗೇ ತಟ್ತದೆ. ನಾನು ದಿನಾ ವಸ್ಲು ತೊಳ್ದು, ಅದೇ ಕತೆ ಏಳ್ಕೊಂತಾ ಇವ್ನಿ. ಇವತ್ತಲ್ಲ ನಾಳೆ ಮನ್ಸು ಕರಗ್ತದೆ. ಕರಗ್ತದೆ ಅಂತ ನೀವೇ ಓದಿದ್ರಲ್ಲ?"

"ಅದು ಸುಳ್ಳು ಕಣೇ. ನೀನೇ ಕೇಳಿದೆಯಲ್ಲ, ಅವಳು ಯಾಕೆ ಒಳಗೆ ಹೋದಳು ಅಂತ."

"ನಾನು ತಿಳೀದೆ ಕೇಳ್ದೆ," ಎಂದಳು ರುದ್ರಮ್ಮ. "ಅಂಗೆ ಕೇಳಿದ್ಕೇ ಇಂಗಾಯ್ತು. ಇನ್ ಕೇಳಕ್ಕಿಲ್ಲ. ಪೂರಾ ಮಾಡ್ಬುಟ್ ವೋಗಿ, ನಿಮ್ ಕಾಲಿಗ್ ಬೀಳ್ತೀನಿ."

ಒಳಗೆ ಹೋಗಿ ಒಂದು ಹಿಡಿ ಅಕ್ಕಿ ತಂದಳು. ಹೊಸಿಲ ಒಳಗೆ ನೆಲದ ಮೇಲೆ ಕೂತು, ಇನ್ನೂ ಊದಿಯೇ ಇದ್ದ ಕೈಯಿಂದಲೇ ಸೆರಗು ತಲೆಗೆ ಎಳೆದುಕೊಂಡಳು. ನಾನು ವೇದಾಳ ತೋಳು ಹಿಡಿದು ಎಳೆದೆ. ಬೇಡ ಕಣೇ, ಹೋಗೋಣ ನಡಿ, ಎಂದೆ. ಅವಳು ನನ್ನ ಕೈ ಬಿಡಿಸಿಕೊಂಡು ಹೊಸಿಲ ಹೊರಗೆ ಕೂತಳು. ಆ ಹುಡುಗಿಯ ಮುಖ ನೋಡಿದಳು. ಆಮೇಲೆ ಶುರುಮಾಡಿದಳು, ಗಂಜಿ ಚೆಲ್ಲಿದ್ದರಿಂದ. ರಾತ್ರಿ, ಚಳಿ, ಅಗಳಿ, ಬೆಳಗು. ಲಕ್ಷ್ಮಿ ಮರುಗಿದಳು. ಗಂಡ ಕೈ ಹಿಡಿದ. ಆ ಸುಳ್ಳನ್ನು ಅವಳು ಎಷ್ಟು ಅಕ್ಕರೆಯಿಂದ, ಎಷ್ಟು ನಂಬಿಕೆ ಬರುವಂತೆ ಹೇಳಿದಳೆಂದರೆ, ಎಲ್ಲವೂ ಗೊತ್ತಿದ್ದ ನಾನು ಕೂಡ ಆ ಮನೆಯೊಳಗಿನಿಂದ ಯಾರಾದರೂ ನಗುತ್ತಾ ಬರುತ್ತಾರೆಂದು ನೋಡಿದೆ.

ರುದ್ರಮ್ಮ ಅಕ್ಕಿಯನ್ನು ವೇದಾಳ ಮಡಿಲಿಗೆ ಹಾಕಿ, ಕಣ್ಣೊರೆಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.